ಪಟ್ಟೆ ಕಾರಿಗೆ ಎಂಟೋ ಆರೋ

ಆ ಬಸ್ ಡಿಪೋದಲ್ಲಿ ಮುನ್ನೂರು ಜನ ಕೆಲಸ ಮಾಡುತ್ತಿದ್ದರು. ಮುನ್ನೂರು ಜನಕ್ಕೂ ಬಾಯಿ ಇತ್ತು, ಕಿವಿ ಇದ್ದದ್ದು ಮಾತ್ರ ಒಬ್ಬರಿಗೆ ಎಂದು ಅಲ್ಲಿಯವರೇ ಹೇಳಿಕೊಳ್ಳುತ್ತಿದ್ದರು. ಆ ಒಬ್ಬರನ್ನು ಎಲ್ಲರೂ ಕಿವಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಕಲಿತದ್ದೂ ಅಷ್ಟಕ್ಕಷ್ಟೆ. ಇಂಜಿನ್ ವಿಭಾಗದ ಹಿರಿಯ ಮೆಕ್ಯಾನಿಕ್ಕು. ಐವತ್ತನಾಲ್ಕು ವರ್ಷ, ಅಂಗಿಯ ಗುಂಡಿಗೆ ಸವಾಲು ಹಾಕುವ ಹೊಟ್ಟೆ, ಎಷ್ಟು ಉಜ್ಜಿದರೂ ಎಣ್ಣೆ ಬಿಡದ ಉಗುರು, ಬಲಗಿವಿಯ ಹಿಂದೆ ನಾಣ್ಯದಷ್ಟು ಅಗಲಕ್ಕೆ ದಪ್ಪಗಟ್ಟಿದ ಚರ್ಮ. ಆ ದಪ್ಪ ಚರ್ಮವೇ ಅವರ ಡಿಗ್ರಿ ಸರ್ಟಿಫಿಕೇಟು.

ಅದು ಬಂದದ್ದು ಒಂದು ಕಬ್ಬಿಣದ ಸರಳಿನಿಂದ. ಮೊಳದುದ್ದದ ಸರಳು. ಅದರ ಒಂದು ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರೆ ಒಳಗೆ ಏನು ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಎಲ್ಲ ಹಳೆಯ ಮೆಕ್ಯಾನಿಕ್ಕುಗಳೂ ಮಾಡುವ ಕೆಲಸವೇ. ಆದರೆ ಬೇರೆಯವರಿಗೆ ಬರೀ ಗಡಗಡ ಅನ್ನುತ್ತಿದ್ದದ್ದು ಮೇಷ್ಟ್ರಿಗೆ ಹೆಸರು, ವಿಳಾಸ ಸಮೇತ ಕೇಳಿಸುತ್ತಿತ್ತು. 'ಮೂರನೇ ಇಂಜೆಕ್ಟರು,' ಅನ್ನುತ್ತಿದ್ದರು. 'ವಾಟರ್ ಪಂಪಿನ ಬೇರಿಂಗು, ಇನ್ನು ಹತ್ತು ದಿನ,' ಅನ್ನುತ್ತಿದ್ದರು. ಹತ್ತನೆಯ ದಿನವಲ್ಲದಿದ್ದರೆ ಹನ್ನೊಂದನೆಯ ದಿನ ಆ ಬಸ್ಸು ನಡುರಸ್ತೆಯಲ್ಲಿ ಆವಿ ಬಿಡುತ್ತ ನಿಂತಿರುತ್ತಿತ್ತು.

ಇಷ್ಟು ಸತ್ಯ. ಇದರ ಮೇಲೆ ಕಟ್ಟಿದ ಅಂತಸ್ತುಗಳೆಲ್ಲ ಬುರುಡೆ. ಮೇಷ್ಟ್ರು ಗೇಟಿನಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಡ್ರೈವರನ ಚಪ್ಪಲಿಯ ಸೈಜು ಹೇಳುತ್ತಾರೆ ಎಂದು ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬಿಸಿದ್ದರು. ಮೇಷ್ಟ್ರು ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಹೊಗಳಿಕೆಯನ್ನು ಅಲ್ಲಗಳೆಯುವಷ್ಟು ಒರಟರಲ್ಲ ಅವರು.

ಈಗ ಪಟ್ಟೆ ಕಾರಿನ ವಿಷಯ. ದೂರದ ಯಾವುದೋ ಕಂಪನಿ ಭಾರಿ ವೇಗದ ಒಂದು ಕಾರು ತಯಾರಿಸುತ್ತಿತ್ತು. ಇನ್ನೂ ಬಿಡುಗಡೆಯಾಗಿರಲಿಲ್ಲ. ಅದರ ಆಕಾರ ಯಾರಿಗೂ ಗೊತ್ತಾಗಬಾರದೆಂದು ಮೈತುಂಬ ಕಪ್ಪುಬಿಳುಪು ಪಟ್ಟೆ ಅಂಟಿಸಿ ರಸ್ತೆಯಲ್ಲಿ ಓಡಿಸಿ ನೋಡುತ್ತಿದ್ದರು. ಆ ಪಟ್ಟೆ ಕಾರು ಒಂದು ಸುರಂಗದೊಳಗೆ ನುಗ್ಗಿ ಹೋಗುವ ಹನ್ನೊಂದು ಸೆಕೆಂಡಿನ ವಿಡಿಯೋ ಒಂದನ್ನು ಕಂಪನಿಯವರೇ ಹರಿಬಿಟ್ಟರು. ಬಾನೆಟ್ಟಿನ ಕೆಳಗೆ ಇರುವುದು ಎಂಟು ಸಿಲಿಂಡರಿನ ಇಂಜಿನ್ನೋ, ಗಾಳಿ ತುರುಕುವ ಎರಡು ಟರ್ಬೋ ಇರುವ ಆರು ಸಿಲಿಂಡರಿನದೋ, ಇಲ್ಲ ಬ್ಯಾಟರಿ ಮೋಟಾರಿನ ಜೊತೆ ನಾಲ್ಕೇ ಸಿಲಿಂಡರೋ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಜಗತ್ತಿನ ಎಷ್ಟು ಕ್ಯಾಂಟೀನುಗಳು ಮುಚ್ಚಿಹೋಗುತ್ತಿದ್ದವೋ.

ನಮ್ಮ ಡಿಪೋದ ಕ್ಯಾಂಟೀನು ಎರಡು ಪಕ್ಷವಾಯಿತು. ಆರು ಸಿಲಿಂಡರಿನ ಪಕ್ಷಕ್ಕೆ ಸ್ಟೋರ್ ಕೀಪರನೇ ನಾಯಕ. ಅವನು ಮೇಷ್ಟ್ರ ಹೆಂಡತಿಯ ತಮ್ಮ. ಬೋಲ್ಟು, ನಟ್ಟು, ಗ್ಯಾಸ್ಕೆಟ್ಟುಗಳ ನಡುವೆ ಕೂತು ದಿನವಿಡೀ ಮೊಬೈಲ್ ನೋಡುವ ಮನುಷ್ಯ. ಸ್ವಂತ ಮನೆಯ ನಲ್ಲಿ ಯಾಕೆ ಸೋರುತ್ತದೆ ಎಂಬುದು ಅವನಿಗೆ ನಾಲ್ಕು ವರ್ಷದಿಂದ ಗೊತ್ತಾಗಿರಲಿಲ್ಲ. ಆದರೆ ಸಮುದ್ರದಾಚೆಯ ಕಾರ್ಖಾನೆಯ ಇಂಜಿನಿಯರನ ತಲೆಯಲ್ಲಿ ಏನಿದೆ ಎಂಬುದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿತ್ತು.

'ಹೊಗೆಯ ಕಾನೂನು ಬಿಗಿ ಆಗಿದೆ,' ಎಂದು ಅವನು ಲೋಟ ಕುಟ್ಟಿ ಹೇಳುತ್ತಿದ್ದ. 'ಎಂಟು ಹಾಕಿದ್ರೆ ಮಾರೋಕೇ ಬಿಡಲ್ಲ. ಆರೇ. ಬೇಕಿದ್ರೆ ಬರೆದಿಟ್ಕೊಳ್ಳಿ.'

'ಅಷ್ಟು ದುಡ್ಡು ಕೊಟ್ಟೋನು ಆರು ತಗೊಂಡು ಏನು ಮಾಡ್ತಾನೋ? ತೊಟ್ಟಿಲು ತೂಗ್ತಾನಾ?' ಎಂದು ಎಂಟರ ಪಕ್ಷದ ಟೈರಿನವನು ಕೇಳುತ್ತಿದ್ದ.

ಹೀಗೆ ಕೇಳಿದವನು ಮನೆಗೆ ಹೋಗುತ್ತಿದ್ದದ್ದು ಬಾಗಿಲಿಗೆ ಹಗ್ಗ ಕಟ್ಟಿದ ಸ್ಟಾಫ್ ಬಸ್ಸಿನಲ್ಲಿ. ಆ ಕಾರನ್ನು ಕೊಳ್ಳುವುದಿರಲಿ, ಅದರ ನೆರಳು ಬೀಳುವ ರಸ್ತೆಯಲ್ಲಿ ಇವರು ಯಾರೂ ನಡೆಯುವ ಸಂಭವವೂ ಇರಲಿಲ್ಲ. ಆದರೂ ಸ್ವಂತ ಮಗಳ ಮದುವೆಗೆ ಗಂಡು ಹುಡುಕುವಾಗಲೂ ಇಷ್ಟು ವಿಚಾರ ಮಾಡಿದವರಲ್ಲ. ಎರಡು ಸಲ ಕೊರಳಪಟ್ಟಿ ಹಿಡಿಯುವವರೆಗೆ ಹೋಯಿತು. ಡಿಪೋ ಮ್ಯಾನೇಜರು ಬಂದು ಬಿಡಿಸಿದರು. ಬಿಡಿಸಿ, ಕುರ್ಚಿ ಎಳೆದುಕೊಂಡು ಕೂತು, ತಾವು ಎಂಟರ ಪಕ್ಷ ಎಂದರು.

ಮೇಷ್ಟ್ರನ್ನು ಬಿಟ್ಟರೆ ಈ ಗದ್ದಲದಲ್ಲಿ ಬಾಯಿ ಹಾಕದವರು ಒಬ್ಬರೇ. ಡಿಪೋಗೆ ಬಂದು ಎರಡು ವರ್ಷವಾಗಿದ್ದ ಸ್ಕ್ಯಾನರ್ ಮೇಡಂ. ಬಸ್ಸಿನ ಕಂಪ್ಯೂಟರಿಗೆ ವೈರು ಚುಚ್ಚಿ, ಪರದೆಯ ಮೇಲೆ ಬರುವ ನಂಬರು ನೋಡಿ ರೋಗ ಹೇಳುವುದು ಅವರ ಕೆಲಸ. 'ಮೇಡಂ, ನೀವು ಏನಂತೀರಾ?' ಎಂದು ಯಾರೋ ಕೇಳಿದಾಗ, 'ಬಿಡುಗಡೆ ಆದ ದಿನ ಅವರೇ ಹೇಳ್ತಾರಲ್ಲ' ಎಂದು ಡಬ್ಬಿ ಮುಚ್ಚಿಕೊಂಡು ಎದ್ದು ಹೋದರು. ಪಾಪ, ಆಯಮ್ಮನಿಗೆ ಇಂಜಿನ್ ಬಗ್ಗೆ ಆಸಕ್ತಿಯಿಲ್ಲ ಎಂದು ಕ್ಯಾಂಟೀನು ಮರುಗಿತು. ಆ ವಾರ ಅವರು ಒಂಬತ್ತು ಇಂಜಿನ್ ಸರಿಮಾಡಿದ್ದರು.

ಮೇಷ್ಟ್ರು? ಮೇಷ್ಟ್ರು ಆಗ ಬೇರೆ ಚಿಂತೆಯಲ್ಲಿದ್ದರು. ಡಿಪೋದ ಬೋರ್ಡಿನ ಮೇಲೆ ಹೊಸ ಸುತ್ತೋಲೆ ಅಂಟಿಸಿದ್ದರು. ರಿಪೇರಿಯಾದ ಬಸ್ಸನ್ನು ಟ್ರಯಲ್ ಓಡಿಸುವವರೆಲ್ಲ ಕಿವಿ ಪರೀಕ್ಷೆ ಮಾಡಿಸಿಕೊಂಡು ಸರ್ಟಿಫಿಕೇಟು ತರಬೇಕು. ಫೇಲಾದವರಿಗೆ ಟೈರ್ ಗೋಡೌನಿನಲ್ಲಿ ಕೆಲಸ. ಸಂಬಳಕ್ಕೇನೂ ಕತ್ತರಿಯಿಲ್ಲ. ಬರೀ ಹೆಸರಿಗೆ ಕತ್ತರಿ. ಕಿವಿ ಮೇಷ್ಟ್ರು ಎನ್ನುವವರು ಕಿವಿಯ ಪರೀಕ್ಷೆಯಲ್ಲಿ ಫೇಲಾಗಿ ಟೈರು ಉರುಳಿಸುತ್ತ ನಿಂತರೆ ಮೂವತ್ತು ವರ್ಷದ ಮಾನ ಎಲ್ಲಿ ಉಳಿಯಿತು?

ಫೇಲಾಗುವ ಮಾತು ಯಾಕೆ ಬಂತು ಅಂದರೆ, ಮೇಷ್ಟ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪೂರ್ತಿ ಅಲ್ಲ, ಆದರೆ ಮುಕ್ಕಾಲು ಪಾಲು. ಸರಳಿನ ಮೂಲಕ ಮೂಳೆಗೆ ಬಂದ ಸದ್ದು ಮೊದಲಿನ ಹಾಗೇ ಕೇಳಿಸುತ್ತಿತ್ತು. ಗಾಳಿಯಲ್ಲಿ ಬಂದದ್ದು ಮಾತ್ರ ಎಲ್ಲೋ ದಾರಿ ತಪ್ಪುತ್ತಿತ್ತು. ಇದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ವರ್ಕ್‌ಶಾಪಿನಲ್ಲಿ ಎಲ್ಲರೂ ಕಿರುಚಿಕೊಂಡೇ ಮಾತಾಡುವುದು. ಕಿರುಚುವವರ ನಡುವೆ ಕಿವುಡ ಯಾರು ಎಂದು ಪತ್ತೆ ಹಚ್ಚುವುದು ಕಷ್ಟ. ಉಳಿದದ್ದನ್ನು ಮೇಷ್ಟ್ರು ತುಟಿ ನೋಡಿ ಸರಿದೂಗಿಸುತ್ತಿದ್ದರು. ಹಾಗೂ ತಪ್ಪಿಹೋದರೆ, 'ಈಗಿನೋರು ಬಾಯೊಳಗೇ ಮಾತಾಡ್ತಾರಪ್ಪ' ಎಂದು ಜಗತ್ತಿನ ಮೇಲೆ ಹೊರಿಸುತ್ತಿದ್ದರು. ತಮಗೇ ತಾವು ಹೇಳಿಕೊಳ್ಳುತ್ತಿದ್ದದ್ದೂ ಇದೇ. ಆದರೆ ಮೊದಲ ಸಲ ಪರೀಕ್ಷೆಗೆ ಕರೆದಾಗ ಹಲ್ಲುನೋವು ಬಂತು, ಎರಡನೆಯ ಸಲ ಕರೆದಾಗ ಸೊಂಟ ಹಿಡಿಯಿತು. ಏನೂ ಇಲ್ಲದವರಿಗೆ ಇಷ್ಟೊಂದು ಕಾಯಿಲೆ ಬರುವುದಿಲ್ಲ.

ಮೂರನೆಯ ಸಲ ಮ್ಯಾನೇಜರು ತಮ್ಮ ಕೋಣೆಗೇ ಕರೆಸಿದರು. ಗೋಡೆಯ ಮೇಲೆ ಪಟ್ಟೆ ಕಾರಿನ ದೊಡ್ಡ ಚಿತ್ರ. ಮೇಷ್ಟ್ರು ಅದನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ಉಪಾಯ ಹೊಳೆಯಿತು.

'ಸಾರ್, ಪರೀಕ್ಷೆ ಅಂದ್ರೆ ಏನು? ನಂಗೆ ಕೇಳಿಸತ್ತೋ ಇಲ್ವೋ ನೋಡೋದು ತಾನೇ? ಎಲ್ಲೋ ಪೀಂ ಪೀಂ ಅನ್ನೋದಕ್ಕೆ ನಾನು ಗುಂಡಿ ಒತ್ತಬೇಕಾ? ಪಟ್ಟೆ ಕಾರಿನ ಸದ್ದು ಕೇಳಿ ಅದು ಯಾವ ಇಂಜಿನ್ ಅಂತ ಹೇಳ್ತೀನಿ. ಸರಿ ಹೋದ್ರೆ ಬಿಟ್ಬಿಡಿ. ತಪ್ಪಿದ್ರೆ ಕರೆಯೋಕೆ ಮುಂಚೆ ನಾನೇ ಟೈರ್ ಗೋಡೌನಿಗೆ ಹೋಗ್ತೀನಿ.'

ಜವಾಬ್ದಾರಿಯಿರುವ ಯಾವ ಅಧಿಕಾರಿಯಾದರೂ ಇದಕ್ಕೆ ನಕ್ಕು, ಪರೀಕ್ಷೆಯ ಚೀಟಿ ಕೈಗೆ ಕೊಟ್ಟು ಕಳಿಸಬೇಕಿತ್ತು. ಮ್ಯಾನೇಜರ ಕಣ್ಣು ಅರಳಿತು. 'ಹೇಳೇಬಿಡಿ ಮೇಷ್ಟ್ರೇ,' ಎಂದರು. ಎಂಟೋ ಆರೋ ಎಂಬ ಕುತೂಹಲದಲ್ಲಿ ಅವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲವಂತೆ.

ಮರುದಿನ ವರ್ಕ್‌ಶಾಪಿನಲ್ಲಿ ಜಾತ್ರೆಯೇ ನೆರೆಯಿತು. ಸಾಮಾನು ಬಿಗಿದು ಹಿಡಿಯುವ ವೈಸ್ ಕೂರಿಸಿದ ದೊಡ್ಡ ಕಬ್ಬಿಣದ ಮೇಜಿನ ಮೇಲೆ ಸ್ಟೋರ್ ಕೀಪರ್ ತನ್ನ ಮೊಬೈಲ್ ಇಟ್ಟು ವಿಡಿಯೋ ಹಾಕಿದ. ಮೇಷ್ಟ್ರಿಗೆ ಸುರಂಗ ಕಾಣಿಸಿತು, ಪಟ್ಟೆ ಕಾಣಿಸಿತು, ಸದ್ದು ಒಂದು ತೊಟ್ಟೂ ಇಲ್ಲ. ಮೊಬೈಲಿನ ಆ ಚಿಕ್ಕ ಸ್ಪೀಕರಿನಿಂದ ಬರುವುದೆಲ್ಲ ಸಣ್ಣ ಕೀರಲು. ಅವರ ಕಿವಿ ಬಿಟ್ಟುಕೊಟ್ಟಿದ್ದೂ ಮೊದಲು ಅದನ್ನೇ. ಆದರೆ ಮೇಷ್ಟ್ರು ಗಾಬರಿಯಾಗಲಿಲ್ಲ. ಸರಳು ತೆಗೆದರು.

'ಭಾವ, ಗಾಜು ಒಡೆದುಬಿಟ್ಟೀರಿ,' ಎಂದ ಸ್ಟೋರ್ ಕೀಪರ್.

ಅದೂ ನಿಜವೇ. ಮೇಷ್ಟ್ರು ಸರಳಿನ ತುದಿಯನ್ನು ಮೊಬೈಲಿನ ಮೇಲೆ ಊರದೆ, ಅದರ ಪಕ್ಕದಲ್ಲೇ ಮೇಜಿನ ಮೇಲೆ ಊರಿದರು. ಮೇಜು ಕಬ್ಬಿಣ, ಸರಳು ಕಬ್ಬಿಣ, ಸದ್ದು ಎಲ್ಲಿಗೆ ಹೋಗುತ್ತದೆ? ಇನ್ನೊಂದು ತುದಿಯನ್ನು ಮೂಳೆಗೆ ಒತ್ತಿ, 'ಇನ್ನೊಂದು ಸಲ ಹಾಕು' ಎಂದರು. ಹನ್ನೊಂದು ಸಲ ಹಾಕಿದರು. ಜನ ಉಸಿರು ಬಿಗಿ ಹಿಡಿದು ನಿಂತಿದ್ದರು. ಮೂಳೆಯೊಳಗೆ ನಿಧಾನವಾಗಿ ಒಂದು ತಾಳ ಮೂಡಿತು: ಭಾರದ ತಾಳ, ಒಂದೇ ಸಮನಲ್ಲದ, ಎರಡು ಸಾಲಾಗಿ ಕುಟ್ಟುವ ಗುಡುಗುಡು. ಮೇಷ್ಟ್ರ ಮುಖ ಬೆಳಗಿತು. ಹೌದು, ಕೇಳಿಸುತ್ತಿದೆ, ಇನ್ನೂ ಕೇಳಿಸುತ್ತಿದೆ ಎಂದು ಅವರಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

'ಎಂಟು,' ಎಂದರು. 'ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಟರ್ಬೋನೂ ಇಲ್ಲ, ಬ್ಯಾಟರಿನೂ ಇಲ್ಲ.'

ಮ್ಯಾನೇಜರು ಚಪ್ಪಾಳೆ ತಟ್ಟಿದರು. ಸ್ಟೋರ್ ಕೀಪರ್ ಮುಖ ಗಂಟಿಕ್ಕಿ ಮೊಬೈಲ್ ಎತ್ತಿಕೊಂಡ. ಸ್ಕ್ಯಾನರ್ ಮೇಡಂ ದೂರದಲ್ಲಿ ನಿಂತು, ಒಮ್ಮೆ ಮೇಷ್ಟ್ರನ್ನು, ಒಮ್ಮೆ ಮೇಜನ್ನು ನೋಡಿ, ಏನೋ ಹೇಳಲು ಹೊರಟವರು ಸುಮ್ಮನಾದರು.

ಬಿಡುಗಡೆಯ ಕಾರ್ಯಕ್ರಮ ಎರಡು ವಾರದ ಮೇಲೆ ಬಂತು. ಕ್ಯಾಂಟೀನಿನ ಟೀವಿಗೆ ಮೊಬೈಲ್ ಜೋಡಿಸಿದರು. ಆ ಹೊತ್ತಿನಲ್ಲಿ ಬಸ್ಸು ಕೆಟ್ಟವರು ನಿಂತಲ್ಲೇ ನಿಂತಿರಬೇಕಾಯಿತು. ಪರದೆಯ ಮೇಲೆ ಹೊಗೆ, ಬಣ್ಣದ ಬೆಳಕು, ಬಿಗಿಯಾದ ಕೋಟು ಹಾಕಿದವನೊಬ್ಬನ ಭಾಷಣ. ಕೊನೆಗೆ ಬಟ್ಟೆ ಸರಿಯಿತು. ಒಳಗೆ ಕೂತವನೊಬ್ಬ ಗುಂಡಿ ಒತ್ತಿದ.

ಕ್ಯಾಂಟೀನಿನಲ್ಲಿ ಒಮ್ಮೆಲೇ ಎಲ್ಲರೂ ಮೈ ಹಿಂದಕ್ಕೆ ಎಳೆದುಕೊಂಡರು. ಟೈರಿನವನು ತೋಳಿನ ಮೇಲೆ ಎದ್ದ ರೋಮ ತೋರಿಸಿದ. ಮ್ಯಾನೇಜರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮೇಷ್ಟ್ರು ಮೊದಲ ಸಾಲಿನಲ್ಲಿ, ಗೌರವದ ಕುರ್ಚಿಯಲ್ಲಿ ಕೂತಿದ್ದರು. ಅವರು ಕಾರು ಯಾವಾಗ ಸ್ಟಾರ್ಟ್ ಮಾಡುತ್ತಾರೆ ಎಂದು ಕಾಯುತ್ತಿದ್ದರು. ಅಕ್ಕಪಕ್ಕದವರ ಮುಖ ನೋಡಿದ ಮೇಲೆ ಆಗಲೇ ಸ್ಟಾರ್ಟ್ ಆಗಿದೆ ಎಂಬುದು ಗೊತ್ತಾಯಿತು. ಒಂದು ಕ್ಷಣ ಬಿಟ್ಟು ಅವರೂ ತಲೆದೂಗತೊಡಗಿದರು.

ಆಮೇಲೆ ಪರದೆಯ ಮೇಲೆ ಅಕ್ಷರ ಬಂತು. ಎಂಟು ಸಿಲಿಂಡರು. ಟರ್ಬೋ ಇಲ್ಲ, ಬ್ಯಾಟರಿ ಇಲ್ಲ.

ಮುಂದಿನದನ್ನು ಬಣ್ಣಿಸುವುದು ಬೇಡ; ಗಂಡಸರು ಯಾವುದೋ ಕಂಪನಿಯ ಲಾಭಕ್ಕೆ ಹೀಗೆ ಕುಣಿಯುವುದನ್ನು ನೋಡದಿರುವುದೇ ಒಳ್ಳೆಯದು. ಮೇಷ್ಟ್ರನ್ನು ಎತ್ತಲು ನೋಡಿದರು, ಭಾರಕ್ಕೆ ಇಳಿಸಿದರು. ಮ್ಯಾನೇಜರು ಅಲ್ಲೇ ಪಟ್ಟಿ ತರಿಸಿ ಮೇಷ್ಟ್ರ ಹೆಸರಿನ ಮುಂದೆ 'ಪರೀಕ್ಷೆ ಅನಗತ್ಯ' ಎಂದು ಬರೆದು ಸೀಲು ಹೊಡೆದರು. ನಿನ್ನೆಯವರೆಗೆ ಆರರ ಪಕ್ಷದಲ್ಲಿದ್ದ ಸ್ಟೋರ್ ಕೀಪರ್, 'ನಮ್ಮ ಭಾವ, ನಮ್ಮ ಭಾವ' ಎಂದು ಸಿಕ್ಕಿದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದ. ಅವನು ಪಕ್ಷ ಬದಲಿಸಿದ ವೇಗ ಆ ಕಾರಿಗೂ ಇರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬಂದರು. ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ. ಕಾವಲಿನವನು ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಹಾಕಿ ಹೋಗಿದ್ದ, ಅಷ್ಟೆ. ಹಿಂದಿನ ದಿನ ಟೀವಿಯ ಮುಂದೆ ಏನೂ ಕೇಳಿಸದ ಆ ಕ್ಷಣ ಅವರನ್ನು ಇನ್ನೂ ಬಿಟ್ಟಿರಲಿಲ್ಲ. ಟೀವಿಯದೇ ದೋಷವಿರಬೇಕು, ಸರಳಿಟ್ಟರೆ ಚೆನ್ನಾಗಿ ಕೇಳಿಸುತ್ತದಲ್ಲ ಎಂದುಕೊಂಡು ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು, ವಿಡಿಯೋ ಹಾಕಿ, ಸರಳು ಊರಿದರು. ಬಂತು, ಅದೇ ಗುಡುಗುಡು. ಎರಡು ಸಾಲು, ನಾಲ್ಕು ನಾಲ್ಕು. ಮೇಷ್ಟ್ರಿಗೆ ಜೀವ ಬಂದ ಹಾಗಾಯಿತು.

ಹನ್ನೊಂದು ಸೆಕೆಂಡು ಮುಗಿಯಿತು. ಪರದೆ ಕಪ್ಪಾಯಿತು. ಮೂಳೆಯೊಳಗೆ ಎಂಟು ಸಿಲಿಂಡರು ಓಡುತ್ತಲೇ ಇತ್ತು.

ಮೇಷ್ಟ್ರು ಮೊಬೈಲ್ ಎತ್ತಿ ಜೇಬಿಗೆ ಹಾಕಿಕೊಂಡರು. ಎಂಟು ಸಿಲಿಂಡರು ಓಡುತ್ತಲೇ ಇತ್ತು. ಅಷ್ಟರಲ್ಲಿ ಮೂಲೆಯ ಕಂಪ್ರೆಸರಿನ ಟ್ಯಾಂಕು ತುಂಬಿ, ಅದು ತಾನಾಗಿ ನಿಂತುಕೊಂಡಿತು. ಎಂಟು ಸಿಲಿಂಡರೂ ಒಟ್ಟಿಗೆ ನಿಂತವು.

ಮೇಷ್ಟ್ರು ಸರಳು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತರು. ಮೂವತ್ತು ವರ್ಷ ದಿನಾ ಕೇಳಿದ ಕಂಪ್ರೆಸರು, ಅದೂ ಎರಡೇ ಸಿಲಿಂಡರಿನದು. ಅದರ ಕುಟ್ಟುವಿಕೆ ಮೇಜಿನ ನಾಲ್ಕು ಕಾಲಿನಿಂದ ಏರಿ ಬಂದು ಎಂಟಾಗಿತ್ತೋ, ಇಲ್ಲ ಎಂಟೇ ಆಗಬೇಕೆಂಬ ಆಸೆ ಅದನ್ನು ಎಂಟು ಮಾಡಿತ್ತೋ. ಜಗತ್ತಿನಲ್ಲಿ ಲಕ್ಷ ಜನ ಎಂಟು ಅಂದಿದ್ದರು, ಲಕ್ಷ ಜನ ಆರು ಅಂದಿದ್ದರು. ಇವರು ಕಂಪ್ರೆಸರಿನ ಸದ್ದು ಕೇಳಿ ಎಂಟು ಅಂದರು. ಉಳಿದವರದೂ ಇದಕ್ಕಿಂತ ಘನವಾದ ಆಧಾರವೇನಲ್ಲ ಅನ್ನಿ.

ಆದರೂ ಅವರು ಬಾಯಿ ಬಿಡಲಿಲ್ಲ. ಇಲ್ಲಿ ಮೇಷ್ಟ್ರನ್ನು ಸಮರ್ಥಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಗೆದ್ದ ಮಾನವನ್ನು ಯಾರೂ ತಾವಾಗಿ ಹಿಂದಕ್ಕೆ ಕೊಡುವುದಿಲ್ಲ, ಇವರೂ ಕೊಡಲಿಲ್ಲ. ಎದ್ದು, ಮುಖ ತೊಳೆದುಕೊಂಡು, ಅಂದಿನ ಟ್ರಯಲ್ ಬಸ್ಸಿನ ಕೀಲಿ ತೆಗೆದುಕೊಂಡು ಹೊರಟರು.

ಹಿಂದಿನ ಸೀಟಿನಲ್ಲಿ ಸ್ಕ್ಯಾನರ್ ಮೇಡಂ ತಮ್ಮ ಲ್ಯಾಪ್‌ಟಾಪಿಗೆ ವೈರು ಚುಚ್ಚಿಕೊಂಡು ಕೂತಿದ್ದರು. ಊರ ನಡುವಿನ ಉದ್ದ ಸೇತುವೆ. ಹೋಗಲು ಒಂದು ಬಸ್ಸಿನಷ್ಟೇ ಅಗಲ, ನಡುವೆ ಕಲ್ಲಿನ ಗೋಡೆ. ಇಂಜಿನ್ ಬಿಸಿಯೇರುತ್ತದೋ ನೋಡಲು ಮೇಷ್ಟ್ರು ಬೇಕೆಂದೇ ನಿಧಾನವಾಗಿ, ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಓಡಿಸುತ್ತಿದ್ದರು. ಕನ್ನಡಿ ನೋಡುವ ಅಭ್ಯಾಸ ಅವರಿಗೆ ಕಡಿಮೆ. ಕಿವಿ ಇದ್ದವನಿಗೆ ಕನ್ನಡಿ ಯಾಕೆ ಎಂದು ಹೊಸಬರಿಗೆ ಪಾಠ ಹೇಳಿದವರು.

ಭುಜದ ಮೇಲೆ ಬಿರುಸಾಗಿ ಏಟು ಬಿತ್ತು. ತಿರುಗಿದರೆ ಮೇಡಂ, ಮುಖ ಬಿಳುಚಿಕೊಂಡಿತ್ತು. ಕೈ ಕನ್ನಡಿಯ ಕಡೆ ತೋರುತ್ತಿತ್ತು. ಕನ್ನಡಿಯ ತುಂಬ ಕೆಂಪು. ಅಗ್ನಿಶಾಮಕದ ಗಾಡಿ, ನೆತ್ತಿಯ ಮೇಲೆ ದೀಪ ಗಿರಗಿರ ತಿರುಗಿಸುತ್ತ, ಬಸ್ಸಿನ ಬೆನ್ನಿಗೆ ಅಂಟಿಕೊಂಡಿತ್ತು. ಮೇಷ್ಟ್ರು ವೇಗ ಹೆಚ್ಚಿಸಿ ಸೇತುವೆ ದಾಟಿ ಪಕ್ಕಕ್ಕೆ ಎಳೆದರು. ಆ ಗಾಡಿ ಮುಂದೆ ಹೋಗುವಾಗ ಅದರ ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಏನೋ ಅಂದ. ಅವನು ಅಂದದ್ದು ಮೇಷ್ಟ್ರಿಗೆ ಕೇಳಿಸಲಿಲ್ಲ. ಮೇಡಂಗೆ ಒಂದಕ್ಷರ ಬಿಡದೆ ಕೇಳಿಸಿತು.

'ಎಷ್ಟು ಹೊತ್ತಿಂದ?' ಎಂದು ಮೇಷ್ಟ್ರು ಕೇಳಿದರು.

ಮೇಡಂ ಅವರ ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು. 'ಸೇತುವೆ ಶುರು ಆದಾಗಿಂದ. ನಾನು ಮೂರು ಸಲ ಕೂಗಿದೆ. ಆಮೇಲೆ ಎದ್ದು ಬಂದೆ.'

ಮೇಷ್ಟ್ರು ಇಂಜಿನ್ ಆರಿಸಿದರು.

'ಅವತ್ತು ಕಂಪ್ರೆಸರ್ ಓಡ್ತಿತ್ತು,' ಎಂದರು ಮೇಡಂ. 'ಹೇಳೋಣ ಅಂದ್ಕೊಂಡೆ. ಅಷ್ಟು ಜನರ ಮುಂದೆ ನಿಮ್ಮನ್ನ ಸಣ್ಣವರನ್ನಾಗಿ ಮಾಡೋಕೆ ಮನಸ್ಸು ಬರಲಿಲ್ಲ. ತಪ್ಪು ಮಾಡಿದೆ.'

'ನೀವಲ್ಲ ಕಣಮ್ಮ,' ಎಂದು ಮೇಷ್ಟ್ರು ಕೀಲಿ ತೆಗೆದು ಅವರ ಕೈಗೆ ಕೊಟ್ಟರು. 'ವಾಪಸ್ ನೀವೇ ಓಡಿಸಿ.'

ಆ ದಿನ ಉರಿದದ್ದು ಖಾಲಿ ರಟ್ಟಿನ ಗೋಡೌನು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದು ಮೇಷ್ಟ್ರಿಗೆ ಸಮಾಧಾನ ಕೊಡಲಿಲ್ಲ. ಆಗಿದ್ದರೆ ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು.

ನೇರ ಮ್ಯಾನೇಜರ ಕೋಣೆಗೆ ಹೋದರು, ಮೇಡಂ ಹಿಂದೆಯೇ ಬಂದರು. ಅಲ್ಲಿ ಸ್ಟೋರ್ ಕೀಪರ್ ಮೊದಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅದೇ ಕಂಪನಿಯ ಮುಂದಿನ ಕಾರಿಗೆ ಹತ್ತೋ ಹನ್ನೆರಡೋ ಎಂಬ ಚರ್ಚೆ ಆಗಲೇ ಬಿಸಿಯೇರಿತ್ತು.

'ಬನ್ನಿ ಬನ್ನಿ, ನಿಮ್ಮನ್ನೇ ನೆನೆಸ್ಕೊಳ್ತಿದ್ವಿ,' ಎಂದರು ಮ್ಯಾನೇಜರು. 'ಹತ್ತೋ ಹನ್ನೆರಡೋ?'

'ಸಾರ್, ನಂಗೆ ಕಿವಿ ಕೇಳಿಸಲ್ಲ. ಟ್ರಯಲ್ ಪಟ್ಟಿಯಿಂದ ನನ್ನ ಹೆಸರು ತೆಗೀರಿ.'

ಮ್ಯಾನೇಜರು, ಸ್ಟೋರ್ ಕೀಪರ್ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

'ಅವತ್ತು ನಾನು ಕೇಳಿದ್ದು ಕಾರಲ್ಲ, ಕಂಪ್ರೆಸರು,' ಎಂದರು ಮೇಷ್ಟ್ರು. ನಗು ಇನ್ನೂ ಹೆಚ್ಚಾಯಿತು. ಸ್ಟೋರ್ ಕೀಪರ್ ಹೊಟ್ಟೆ ಹಿಡಿದುಕೊಂಡ. 'ಭಾವ ದೊಡ್ಡ ಮನುಷ್ಯ ಸಾರ್. ಗೆದ್ದ ಮೇಲೂ ಎಷ್ಟು ವಿನಯ ನೋಡಿ.'

ಸ್ಕ್ಯಾನರ್ ಮೇಡಂ ಸೇತುವೆಯ ಮೇಲೆ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಇಬ್ಬರೂ ಸಹನೆಯಿಂದ ಕೇಳಿದರು. ಹೆಂಗಸರು ಮಾತಾಡುವಾಗ ಕೆಲವರು ತೋರಿಸುವ ಆ ಸಹನೆ.

'ಮೇಡಂ, ತಪ್ಪು ತಿಳ್ಕೋಬೇಡಿ,' ಎಂದ ಸ್ಟೋರ್ ಕೀಪರ್. 'ನಿಮಗೆ ಇಂಜಿನ್ ವಿಷಯದಲ್ಲಿ ಅಷ್ಟು ಆಸಕ್ತಿ ಇಲ್ಲ. ಟ್ರಯಲ್ ಓಡಿಸೋವಾಗ ಭಾವ ಇಂಜಿನ್ ಒಳಗೇ ಹೋಗ್ಬಿಟ್ಟಿರ್ತಾರೆ. ಹೊರಗಿನ ಸದ್ದು ಅವರಿಗೆ ಬೇಕಾಗಿಲ್ಲ.'

ಮ್ಯಾನೇಜರು ಪಟ್ಟಿ ತೆರೆದು ತೋರಿಸಿದರು. 'ಅನಗತ್ಯ ಅಂತ ಬರೆದು ಸೀಲು ಹೊಡೆದಾಗಿದೆ. ಈಗ ಅಗತ್ಯ ಅಂತ ಬರೆದ್ರೆ, ಅವತ್ತು ಯಾಕೆ ಅನಗತ್ಯ ಅಂದೆ ಅಂತ ಮೇಲಿನೋರು ಕೇಳ್ತಾರೆ. ನಾನು ಏನಂತ ಹೇಳ್ಲಿ? ಹೋಗಿ, ಎರಡು ದಿನ ರೆಸ್ಟ್ ತಗೊಳ್ಳಿ.'

ಅಂದರೆ, ಕಿವುಡನಾಗಿ ಎಂಟು ಎಂದಾಗ ಇಡೀ ಡಿಪೋ ನಂಬಿತು. ಬಾಯಿಬಿಟ್ಟು ನಿಜ ಹೇಳಿದಾಗ ನಂಬುವವರು ಒಬ್ಬರೇ ಉಳಿದರು. ಆ ಒಬ್ಬರಿಗೆ ಆಸಕ್ತಿಯಿಲ್ಲವಂತೆ.

ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಆಕೆಯ ಬಗ್ಗೆ ಮೇಷ್ಟ್ರು ಡಿಪೋದಲ್ಲಿ ಹೇಳುವ ಒಂದು ದೂರಿತ್ತು: ಎರಡು ವರ್ಷದಿಂದ ಸಿಡುಕಿಯಾಗಿದ್ದಾಳೆ, ಏನಾದರೂ ಹೇಳುವ ಮುಂಚೆ ಧಪ್ ಎಂದು ಕಾಲು ಬಡಿಯುತ್ತಾಳೆ. ಮಾತು ಶುರುವಾಗುವುದೇ ಜಗಳದ ಹಾಗೆ. ಇಂಥ ಹೆಂಡತಿಯನ್ನು ಸಹಿಸುವ ಮೇಷ್ಟ್ರ ತಾಳ್ಮೆಯನ್ನೂ ಕ್ಯಾಂಟೀನು ಹೊಗಳುತ್ತಿತ್ತು.

ಮೇಷ್ಟ್ರು ಚಾಪೆಯ ಮೇಲೆ ಕೂತು ಗೋಡೆ ನೋಡುತ್ತ ಹೇಳಿದರು. 'ನೋಡೇ, ನಂಗೆ ಕಿವಿ ಕೇಳಿಸ್ತಿಲ್ಲ.'

ಹೆಂಡತಿ ಧಪ್ ಎಂದು ಕಾಲು ಬಡಿದಳು. ಅವರು ತಿರುಗಿದರು.

'ಗೊತ್ತು ರೀ,' ಎಂದಳು. 'ಹಿಂದಿನಿಂದ ಕೂಗಿದ್ರೆ ನಿಮಗೆ ತಿಳಿಯಲ್ಲ. ನೆಲ ಬಡಿದ್ರೆ ತಿಳಿಯತ್ತೆ, ತಿರುಗಿ ನೋಡ್ತೀರಾ. ಅದಕ್ಕೆ ಬಡೀತೀನಿ. ಕೋಪಕ್ಕಲ್ಲ.'

ಎರಡು ವರ್ಷ ಈಕೆಯನ್ನು ಸಿಡುಕಿ ಎಂದು ಊರಿಗೆಲ್ಲ ಸಾರಿದ್ದು ನೆನಪಾಗಿ ಮೇಷ್ಟ್ರಿಗೆ ನಾಚಿಕೆಯಾಯಿತು. 'ಮೊದಲೇ ಹೇಳಬಾರದಿತ್ತೇನೇ?' ಎಂದರು.

'ಹೇಳಿದ್ದೆ. ನಾನು ಬಾಯೊಳಗೇ ಮಾತಾಡ್ತೀನಿ ಅಂದ್ರಿ.'

ಆ ಶನಿವಾರ ಇಬ್ಬರೂ ಸ್ವಂತ ಖರ್ಚಿನಲ್ಲಿ ಕಿವಿಯ ಆಸ್ಪತ್ರೆಗೆ ಹೊರಟರು. ಸರ್ಟಿಫಿಕೇಟಿನ ಮೇಲೆ ಕಿವುಡು ಎಂದು ಬರೆಸಿಕೊಂಡು ಬಂದರೆ ಯಾವ ಸೀಲೂ ಅದನ್ನು ತಡೆಯಲಾರದು ಎಂಬುದು ಮೇಷ್ಟ್ರ ಲೆಕ್ಕಾಚಾರ. ಸ್ಟೋರ್ ಕೀಪರ್ ತಾನೂ ಬರುತ್ತೇನೆ ಎಂದು ಗಂಟುಬಿದ್ದ. ಭಾವನಿಗೆ ಏನೋ ಭ್ರಮೆ ಹಿಡಿದಿದೆ, ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದ ಮೇಲೆ ಸರಿಹೋಗುತ್ತಾರೆ ಎಂದು ಡಿಪೋದಲ್ಲಿ ಎಲ್ಲರಿಗೂ ಹೇಳಿ ಬಂದಿದ್ದ.

ಅದು ಚಿಕ್ಕ ಆಸ್ಪತ್ರೆ. ಗೋಡೆಗೆ ಮೆತ್ತೆ ಹೊದಿಸಿದ ಗೂಡಿನಂಥ ಕೋಣೆ, ಒಂದು ಕಡೆ ಗಾಜಿನ ಕಿಟಕಿ, ಪೂರ್ತಿ ಮುಚ್ಚದ ಬಾಗಿಲು. ಪರೀಕ್ಷೆ ಮಾಡುವ ಹೆಂಗಸು ಮೇಷ್ಟ್ರಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟಳು. 'ಎಷ್ಟು ಸಣ್ಣಗೆ ಕೇಳಿಸಿದ್ರೂ ಸರಿ, ಒತ್ತಿ.' ಅವಳು ಹೊರಗೆ ಬಂದು ಕಿಟಕಿಯ ಮುಂದಿನ ಯಂತ್ರದ ಹತ್ತಿರ ಕೂತಳು.

ಕಿಟಕಿಯಿಂದ ಮೇಷ್ಟ್ರಿಗೆ ಅವಳ ಕೈ ಚೆನ್ನಾಗಿ ಕಾಣುತ್ತಿತ್ತು. ಬೆರಳು ಕೆಳಗೆ ಹೋದಾಗ ಸದ್ದು ಬಿಡುತ್ತಾಳೆ, ಮೇಲೆ ಬಂದಾಗ ನಿಲ್ಲಿಸುತ್ತಾಳೆ. ಎರಡೇ ನಿಮಿಷದಲ್ಲಿ ಅವಳ ತಾಳ ಹಿಡಿಯಬಹುದಿತ್ತು. ತುಟಿ ನೋಡಿ ಡಿಪೋ ನಡೆಸಿದ ಮನುಷ್ಯನಿಗೆ ಬೆರಳು ನೋಡಿ ಒತ್ತುವುದು ಯಾವ ದೊಡ್ಡ ಮಾತು? ನೂರಕ್ಕೆ ನೂರು, ಮೆರವಣಿಗೆ, ಹತ್ತೋ ಹನ್ನೆರಡೋ. ಮೇಷ್ಟ್ರ ಹೆಬ್ಬೆರಳು ಗುಂಡಿಯ ಮೇಲೆ ಒಂದು ಸಲ ಅಲುಗಾಡಿತು.

ಆಮೇಲೆ ಅವರು ಎದ್ದು, ಕುರ್ಚಿ ಎತ್ತಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು. ಗುಂಡಿ ಹಿಡಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದ ಸ್ಟೋರ್ ಕೀಪರ್ ಪರೀಕ್ಷೆಯ ಹೆಂಗಸಿಗೆ ವಿವರಣೆ ಕೊಡುತ್ತಿದ್ದ. 'ನೋಡಿದ್ರಾ, ನಿಮ್ಮ ಕೈ ನೋಡಿ ಒತ್ತಿದ್ರು ಅಂತ ಯಾರೂ ಅನ್ನಬಾರದು, ಅದಕ್ಕೆ ತಿರುಗಿ ಕೂತ್ರು. ಮೊಬೈಲಲ್ಲಿ ಕೇಳಿ ಎಂಟು ಸಿಲಿಂಡರ್ ಅಂದೋರು ಅವರು.'

ಹೆಂಗಸು ಸದ್ದು ಬಿಟ್ಟಳು. ಹೆಬ್ಬೆರಳು ಅಲುಗಲಿಲ್ಲ. ಸ್ವಲ್ಪ ಏರಿಸಿ ಬಿಟ್ಟಳು. ಅಲುಗಲಿಲ್ಲ.

'ದುಡುಕೋರಲ್ಲ ನಮ್ಮ ಭಾವ,' ಎಂದ ಸ್ಟೋರ್ ಕೀಪರ್. 'ಖಾತ್ರಿ ಆಗೋವರೆಗೂ ಒತ್ತಲ್ಲ.'

ಅವಳು ಇನ್ನೂ ಏರಿಸಿದಳು, ಮತ್ತೂ ಏರಿಸಿದಳು. ಹೆಡ್‌ಫೋನಿನಿಂದ ಸೋರಿದ ಸಣ್ಣ ಕೀರಲು ಸದ್ದು ಪೂರ್ತಿ ಮುಚ್ಚದ ಬಾಗಿಲಿನಿಂದ ಹೊರಗೆ ಬಂದು ಬೆಂಚಿನವರೆಗೂ ತಲುಪಿತು. ಸ್ಟೋರ್ ಕೀಪರ್ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿದ. ಗೂಡಿನೊಳಗೆ, ಹೆಡ್‌ಫೋನ್ ಹಾಕಿಕೊಂಡ ಆ ದೊಡ್ಡ ತಲೆಯನ್ನು ನೋಡಿದ, ಎತ್ತಿ ಹಿಡಿದ ಹೆಬ್ಬೆರಳನ್ನು ನೋಡಿದ.

'ಅಕ್ಕ, ನಂಗೇ ಕೇಳಿಸ್ತಿದೆಯಲ್ಲ,' ಎಂದ ಮೆಲ್ಲಗೆ.

'ಸುಮ್ನಿರೋ,' ಎಂದಳು ಅಕ್ಕ. 'ಅವರು ಇನ್ನೂ ಕಾಯ್ತಿದ್ದಾರೆ.'